ಸೈಡ್‌ವಿಂಗ್‌ನಲ್ಲಿ ನಿಂತು ಕಲಿತ ಕಥೆಗಾರಿಕೆ

ಸುಗ್ಗಿ ಮುಗಿದು ಹೊಲ ಬಯಲಾಗುತ್ತಿದ್ದಂತೆ ತಮಿಳುನಾಡು ಗಡಿಯ ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರು ಸೀಮೆಯಲ್ಲಿ ಜಾತ್ರೆಗಳು ಶುರುವಾಗುತ್ತವೆ. ಜಾತ್ರೆಯ ಬೆನ್ನಿಗೆ ನಾಟಕಗಳೂ ಬರುತ್ತವೆ. ಟೀ ಅಂಗಡಿಯ ಗೋಡೆಗೆ, ಬಸ್ ನಿಲ್ಲುವ ಕಡೆಯ ಮರಕ್ಕೆ ‘ಕುರುಕ್ಷೇತ್ರ’ದ ಪೋಸ್ಟರ್ ಬೀಳುತ್ತದೆ. ನಡುವೆ ದುರ್ಯೋಧನನ ವೇಷದ ದೊಡ್ಡ ಫೋಟೊ, ಸುತ್ತ ಕೃಷ್ಣ, ಕರ್ಣ, ಭೀಮ, ಶಕುನಿ. ಕೆಳಗೆ ಹಾರ್ಮೋನಿಯಂ ಮೇಷ್ಟ್ರ ಹೆಸರು, ಸೀನರಿಯವರ ಹೆಸರು. ಪರದೆಯ ಹಗ್ಗ ಹಿಡಿಯುವವನ ಹೆಸರು, ಸೈಡ್‌ವಿಂಗ್‌ನಲ್ಲಿ ನಿಂತು ಮಾತು ಹೇಳಿಕೊಡುವವನ ಹೆಸರು, ಗದೆ, ಬಿಲ್ಲು, ಕಿರೀಟಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕುವವನ ಹೆಸರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕಥೆ ಬರೆಯುವ ಆಸೆಯಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಆ ಹೆಸರಿಲ್ಲದವರ ಪಕ್ಕದಲ್ಲಿ ಒಂದು ರಾತ್ರಿ ನಿಂತು ನೋಡಿ. ಕಥೆಗಾರಿಕೆಯ ಅರ್ಧ ಪಾಠ ಅಲ್ಲಿ ಸಿಗುತ್ತದೆ.

ಮುಂದೆ ಕೂತವರಿಗೆ ನಾಟಕ ಎದುರಿನಿಂದ ಕಾಣುತ್ತದೆ. ಹಿಂದೆ ನಿಂತವರಿಗೆ ಅದು ಪಕ್ಕದಿಂದ ಕಾಣುತ್ತದೆ. ಈ ಪಕ್ಕದ ನೋಟವೇ ಬೇರೆ. ಬೀಡಿ ಸೇದುತ್ತ ಸೊಂಟ ಹಿಡಿದುಕೊಂಡು ನಿಂತಿದ್ದ ರೈತನೊಬ್ಬ ಮೂರು ಹೆಜ್ಜೆ ಮುಂದಿಟ್ಟರೆ ಭೀಷ್ಮನಾಗುತ್ತಾನೆ. ಆ ಮೂರು ಹೆಜ್ಜೆಗಳನ್ನು ಕಂಡವರು ಹಿಂದೆ ನಿಂತವರು ಮಾತ್ರ. ಬೆನ್ನು ಯಾವಾಗ ನೆಟ್ಟಗಾಯಿತು, ದನಿ ಎಲ್ಲಿ ಬದಲಾಯಿತು, ಒಳಗೆ ಬಂದ ಮೇಲೆ ಆ ದೊಡ್ಡತನ ಎಷ್ಟು ಹೊತ್ತು ಮೈಮೇಲೆ ಉಳಿಯಿತು ಎಂಬುದೆಲ್ಲ ಅವರಿಗೆ ಗೊತ್ತು. ಮನುಷ್ಯ ಇನ್ನೊಬ್ಬನಾಗುವ ಆ ಗಳಿಗೆಯನ್ನು ಹಿಡಿಯುವುದಕ್ಕೇ ಕಥೆಗಾರ ಜೀವಮಾನವೆಲ್ಲ ಹೆಣಗುತ್ತಾನೆ.

ತಳಿ ಕಡೆಯ ಒಂದು ಹಳ್ಳಿಯಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಶಾಲೆಯ ಒಂದು ಕೋಣೆಯೇ ಬಣ್ಣದ ಮನೆ. ನಮ್ಮ ಹಳ್ಳಿ ನಾಟಕಗಳಲ್ಲಿ ಗಂಡು ಪಾತ್ರಗಳನ್ನೆಲ್ಲ ಊರವರೇ ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಸಂಜೆ ಬಸ್ಸಿಳಿದು ಬರುತ್ತಾರೆ. ಮೇಷ್ಟ್ರ ಜೊತೆ ಕೂತು ಶ್ರುತಿ ನೋಡಿಕೊಂಡು, ಯಾವ ಹಾಡು ಇದೆ, ಯಾವುದು ಬಿಟ್ಟಿದೆ ಎಂದು ಕೇಳಿಕೊಳ್ಳುತ್ತಾರೆ. ರಾತ್ರಿ ಆ ಊರಿನ ದ್ರೌಪದಿಯಾಗುತ್ತಾರೆ, ಮರುದಿನ ಇನ್ನೊಂದು ಊರಿನ ಚಂದ್ರಮತಿ. ಆವತ್ತು ವಸ್ತ್ರಾಪಹರಣಕ್ಕೆ ಇನ್ನೇನು ಪರದೆ ಏಳಬೇಕು. ಆಕೆ ದುಶ್ಶಾಸನನ ವೇಷದವನನ್ನು ಹತ್ತಿರ ಕರೆದಳು. “ಅಣ್ಣಾ, ಇಲ್ಲಿ ಪಿನ್ ಹಾಕಿದೀನಿ ನೋಡಿ. ಈ ಕಡೆಯಿಂದ ಎಳೀಬೇಡಿ, ಚುಚ್ಚುತ್ತೆ. ಆ ಕಡೆ ಸೆರಗು ಹಿಡ್ಕೊಂಡು ಎಳೀರಿ, ಸಲೀಸಾಗಿ ಬರುತ್ತೆ” ಎಂದಳು. ಆ ಹುಡುಗ ಮೀಸೆ ಕಿತ್ತು ಬಾರದಂತೆ ತುಟಿ ಬಿಗಿ ಹಿಡಿದು, “ಆಯ್ತಕ್ಕ, ನಿಧಾನಕ್ಕೆ ಎಳೀತೀನಿ” ಎಂದ. ಹಿಂದೆ ಇಬ್ಬರು ಹುಡುಗರು ಒಂದಕ್ಕೊಂದು ಗಂಟು ಹಾಕಿದ ಸೀರೆಗಳನ್ನು ಸುರುಳಿ ಬಿಚ್ಚಿ ಸಿದ್ಧ ಮಾಡುತ್ತಿದ್ದರು. ಎರಡು ನಿಮಿಷದ ಮೇಲೆ ಅದೇ ಹುಡುಗ ರಂಗದ ಮೇಲೆ ಅಬ್ಬರಿಸುತ್ತಿದ್ದ. ಆಕೆಯ ಕೂಗಿಗೆ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನ ಕೈ ಮಾತ್ರ ಮಾತು ಕೊಟ್ಟಂತೆ ಆ ಕಡೆಯ ಸೆರಗನ್ನೇ ಹಿಡಿದಿತ್ತು.

ಒಂದು ಒಳ್ಳೆಯ ಕಥೆಗೆ ಇನ್ನೇನು ಬೇಕು? ಸಭೆಯಲ್ಲಿ ನಡೆದ ಕ್ರೌರ್ಯ ನಿಜ, ಹಿಂದೆ ನಡೆದ ಆ ಕಾಳಜಿಯೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು, ಒಂದರಿಂದ ಇನ್ನೊಂದನ್ನು ಸುಳ್ಳು ಮಾಡದೆ ಬರೆಯಬಲ್ಲವರು ದೊಡ್ಡ ಕಥೆಗಾರರು. ಪ್ರೇಕ್ಷಕರ ನಡುವೆ ಕೂತಿದ್ದರೆ ನನಗೆ ಸಿಗುತ್ತಿದ್ದದ್ದು ಮೊದಲನೆಯದು ಮಾತ್ರ.

ರಂಗದ ಹಿಂದಿನ ದುಡಿಮೆ ಕಾದಂಬರಿಯಾಗಬಲ್ಲದು ಎನ್ನುವುದಕ್ಕೆ ಲೋಕಕ್ಕೆಲ್ಲ ಗೊತ್ತಿರುವ ಸಾಕ್ಷಿ ಬ್ರಾಂ ಸ್ಟೋಕರ್. ‘ಡ್ರಾಕುಲಾ’ ಹೆಸರು ಕೇಳದವರು ಕಡಿಮೆ. ಅದನ್ನು ಬರೆದವರು ನಾಟಕ ಕಂಪನಿಯ ಮ್ಯಾನೇಜರ್ ಎನ್ನುವುದು ಗೊತ್ತಿರುವವರು ಇನ್ನೂ ಕಡಿಮೆ. ಡಬ್ಲಿನ್‌ನಲ್ಲಿ 1847ರಲ್ಲಿ ಹುಟ್ಟಿದ ಸ್ಟೋಕರ್ ಮೊದಲು ಸರ್ಕಾರಿ ಗುಮಾಸ್ತರಾಗಿದ್ದರು. ಸಂಜೆ ಹೊತ್ತು ಪತ್ರಿಕೆಗೆ ಸಂಬಳವಿಲ್ಲದೆ ನಾಟಕ ವಿಮರ್ಶೆ ಬರೆಯುತ್ತಿದ್ದರು. ಆ ಕಾಲದ ಮಹಾನಟ ಹೆನ್ರಿ ಅರ್ವಿಂಗ್ ಅವರ ಹ್ಯಾಮ್ಲೆಟ್ ಬಗ್ಗೆ 1876ರಲ್ಲಿ ಬರೆದ ವಿಮರ್ಶೆಯಿಂದ ಇಬ್ಬರಿಗೂ ಸ್ನೇಹವಾಯಿತು. 1878ರಲ್ಲಿ ಅರ್ವಿಂಗ್ ಲಂಡನ್ನಿನ ಲೈಸಿಯಂ ಥಿಯೇಟರ್ ಕೈಗೆ ತೆಗೆದುಕೊಂಡಾಗ ಸ್ಟೋಕರ್ ಸರ್ಕಾರಿ ಕೆಲಸ ಬಿಟ್ಟು ಅಲ್ಲಿ ಮ್ಯಾನೇಜರ್ ಆದರು. ಮುಂದಿನ ಇಪ್ಪತ್ತೇಳು ವರ್ಷ, ಅಂದರೆ 1905ರಲ್ಲಿ ಅರ್ವಿಂಗ್ ತೀರಿಕೊಳ್ಳುವವರೆಗೂ, ಅದೇ ಅವರ ಬದುಕು.

ಅವರು ಬಣ್ಣ ಹಚ್ಚಿದವರಲ್ಲ. ಲೆಕ್ಕ ಬರೆದರು, ಟಿಕೆಟ್ಟು ನೋಡಿಕೊಂಡರು, ಕೆಲಸಗಾರರ ಜಗಳ ಬಿಡಿಸಿದರು. ಎಂಟು ಸಲ ಅಮೆರಿಕಕ್ಕೆ ಹೋದ ಕಂಪನಿಯ ಜನ, ಸೀನರಿ, ಪೆಟ್ಟಿಗೆಗಳ ಹೊಣೆ ಹೊತ್ತರು. ಅರ್ವಿಂಗ್ ಪರವಾಗಿ ಲಕ್ಷಗಟ್ಟಲೆ ಪತ್ರ ಬರೆದರು. ರಂಗದ ಮೇಲೆ ಆಗುತ್ತಿದ್ದ ಚಮತ್ಕಾರಗಳ ಒಳಗುಟ್ಟು ಅವರಿಗೆ ಗೊತ್ತಿತ್ತು. 1885ರ ‘ಫೌಸ್ಟ್’ ನಾಟಕದಲ್ಲಿ ಕತ್ತಿಗಳು ತಾಗಿದಾಗ ಕಿಡಿ ಹಾರಲೆಂದು ವಿದ್ಯುತ್ ಹರಿಸುತ್ತಿದ್ದರು. ಆ ಕಿಡಿ ಕಂಡು ಜನ ಬೆಚ್ಚುವಾಗ ತಂತಿ ಎಲ್ಲಿ ಓಡುತ್ತದೆಂದು ಬಲ್ಲವರಲ್ಲಿ ಸ್ಟೋಕರ್ ಒಬ್ಬರು.

ಹೀಗೆ ಪುರುಸೊತ್ತಿಲ್ಲದ ಮನುಷ್ಯ 1890ರಲ್ಲಿ ಟಿಪ್ಪಣಿ ಮಾಡಲು ತೊಡಗಿ, ರಜೆಯ ದಿನಗಳಲ್ಲಿ ಬರೆದು, 1897ರಲ್ಲಿ ‘ಡ್ರಾಕುಲಾ’ ಪ್ರಕಟಿಸಿದರು. ಅದನ್ನು ಮತ್ತೆ ಮತ್ತೆ ಓದಿದಾಗ ನನಗೆ ಎದ್ದು ಕಾಣುವುದು ಎರಡು. ಒಂದು, ಇಡೀ ಕಾದಂಬರಿ ಪತ್ರ, ದಿನಚರಿ, ತಂತಿ, ಪತ್ರಿಕೆಯ ತುಣುಕು, ಹಡಗಿನ ದಾಖಲೆ ಪುಸ್ತಕ ಇವುಗಳಿಂದಲೇ ಕಟ್ಟಿದ್ದು. ದಿನವಿಡೀ ಕಾಗದಪತ್ರಗಳ ನಡುವೆ ಬದುಕಿದವರಿಗೆ ಹೊಳೆಯುವಂಥ ರಚನೆ ಇದು. ಎರಡನೆಯದು ಇನ್ನೂ ಮುಖ್ಯ. ಮೊದಲ ನಾಲ್ಕು ಅಧ್ಯಾಯ ಮುಗಿದ ಮೇಲೆ ಡ್ರಾಕುಲಾ ಹೆಚ್ಚಾಗಿ ಕಣ್ಣಿಗೇ ಬೀಳುವುದಿಲ್ಲ. ಕಿಟಕಿಯ ಆಚೆ ಒಂದು ನೆರಳು, ಕತ್ತಿನ ಮೇಲೆ ಎರಡು ಗುರುತು, ಹಡಗಿನಲ್ಲಿ ಒಬ್ಬೊಬ್ಬರಾಗಿ ಕಾಣೆಯಾಗುವ ನಾವಿಕರು, ಇಷ್ಟೇ. ಮುಖ್ಯ ಪಾತ್ರವನ್ನು ಪರದೆಯ ಹಿಂದೆ ನಿಲ್ಲಿಸಿಯೇ ನೂರಾರು ಪುಟ ನಡೆಸುತ್ತಾರೆ. ರಂಗಕ್ಕೆ ಬಂದ ನಟನಿಗಿಂತ ಇನ್ನೂ ಬಾರದ ನಟನಿಗೆ ಸಭೆ ಹೆಚ್ಚು ಕಿವಿಗೊಡುತ್ತದೆ ಎನ್ನುವುದನ್ನು ರಾತ್ರಿ ರಾತ್ರಿ ನಿಂತು ಕಂಡವರಿಗೆ ಮಾತ್ರ ಇಷ್ಟು ಧೈರ್ಯ ಬರುತ್ತದೆ. ಪುಸ್ತಕ ಹೊರಬರುವ ಕೆಲವು ದಿನ ಮೊದಲು, 1897ರ ಮೇ 18ರಂದು, ನಾಟಕದ ಹಕ್ಕು ತಮ್ಮಲ್ಲೇ ಉಳಿಯಲೆಂದು ಸ್ಟೋಕರ್ ಲೈಸಿಯಂನಲ್ಲೇ ಅದರ ರಂಗವಾಚನ ಮಾಡಿಸಿದರು. ಅರ್ವಿಂಗ್ ಅದರಲ್ಲಿ ಪಾತ್ರ ವಹಿಸಲಿಲ್ಲ.

‘ಡ್ರಾಕುಲಾ’ದ ನೆರಳಿನಲ್ಲಿ ಮರೆಯಾಗಿಹೋದ ಅವರ ಇನ್ನೊಂದು ಪುಸ್ತಕ ನನಗೆ ಅದಕ್ಕಿಂತ ಹತ್ತಿರ. 1908ರಲ್ಲಿ ಬಂದ ‘ಸ್ನೋಬೌಂಡ್’. ಪ್ರವಾಸ ಹೊರಟ ನಾಟಕ ಕಂಪನಿಯ ರೈಲು ಹಿಮದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಚಳಿ ಕಳೆಯಲು ಕಂಪನಿಯವರು ಬೆಂಕಿಯ ಸುತ್ತ ಕೂತು ಒಬ್ಬೊಬ್ಬರಾಗಿ ಕಥೆ ಹೇಳುತ್ತಾರೆ. ನಟರ ಜೊತೆಗೆ ರಂಗದ ಹಿಂದೆ ದುಡಿಯುವವರಿಗೂ ಅಲ್ಲಿ ಸರದಿ ಬರುತ್ತದೆ. ಅದರಲ್ಲಿನ ‘ಎ ಸ್ಟಾರ್ ಟ್ರ್ಯಾಪ್’ ಎಂಬ ಕಥೆಯನ್ನು ರಂಗದ ಹಿಂದೆ ದುಡಿಯದವರು ಬರೆಯುವುದು ಸಾಧ್ಯವೇ ಇರಲಿಲ್ಲ. ಸ್ಟಾರ್ ಟ್ರ್ಯಾಪ್ ಎಂದರೆ ರಂಗದ ಹಲಗೆಯಲ್ಲಿ ಕೊರೆದ ದುಂಡನೆಯ ಕಿಂಡಿ. ಅದರ ಬಾಗಿಲು ತ್ರಿಕೋನದ ಪುಟ್ಟ ಪುಟ್ಟ ಎಸಳುಗಳಾಗಿ ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ. ನಟ ಕೆಳಗೆ ಒಂದು ಹಲಗೆಯ ಮೇಲೆ ನಿಲ್ಲುತ್ತಾನೆ. ಹಗ್ಗದ ಇನ್ನೊಂದು ತುದಿಯ ಭಾರ ಬಿಟ್ಟೊಡನೆ ಅವನು ಬಾಣದಂತೆ ಮೇಲಕ್ಕೆ ಚಿಮ್ಮಿ, ಎಸಳುಗಳನ್ನು ತಲೆಯಿಂದ ತಳ್ಳಿಕೊಂಡು ಸಭೆಯೆದುರು ಪ್ರತ್ಯಕ್ಷನಾಗುತ್ತಾನೆ. ಎಸಳು ತೆರೆಯದಿದ್ದರೆ? ಕಥೆ ಹುಟ್ಟಿರುವುದು ಅಲ್ಲಿ. ಯಂತ್ರ ನೋಡಿಕೊಳ್ಳುವ ಹಿರಿಯನ ಹರೆಯದ ಹೆಂಡತಿ, ಆಕೆಯ ಹಿಂದೆ ಬಿದ್ದ ಒಬ್ಬ ವೇಷಧಾರಿ, ಒಂದು ರಾತ್ರಿ ತೆರೆಯದೇ ಹೋದ ಕಿಂಡಿ. ಎಲ್ಲವನ್ನೂ ಹೇಳುವವನು ಆಗ ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಕೊಲೆ ಹೇಗಾಯಿತು ಎನ್ನುವುದು ಹಗ್ಗ, ಭಾರ, ಮರದ ಲೆಕ್ಕ ಬಲ್ಲವರಿಗೆ ಮಾತ್ರ ತಿಳಿಯುವ ಸಂಗತಿ. ಆದ್ದರಿಂದಲೇ ಆ ಕಥೆಗೆ ಅಷ್ಟು ಬಲ.

ರಂಗದ ಹಿಂದೆ ದುಡಿದು ಬರೆದವರು ಸ್ಟೋಕರ್ ಒಬ್ಬರೇ ಅಲ್ಲ. ರಷ್ಯದ ಮಿಖಾಯಿಲ್ ಬುಲ್ಗಾಕೋವ್ 1930ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ಸಹಾಯಕ ನಿರ್ದೇಶಕರಾಗಿ ಸೇರಿ, ಅಲ್ಲಿ ಉಂಡ ಕಹಿಯನ್ನೆಲ್ಲ ‘ಥಿಯೇಟ್ರಿಕಲ್ ನಾವೆಲ್’ ಎಂಬ ಕಾದಂಬರಿಗೆ ತುಂಬಿದರು. ಅದು ಅರ್ಧಕ್ಕೆ ನಿಂತಿತು. ಅವರು ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲೆ, 1965ರಲ್ಲಿ ಅಚ್ಚಾಯಿತು. ದೂರದ ಮಾತು ಅಲ್ಲಿಗೆ ಸಾಕು, ನಮ್ಮವರ ಕಡೆಗೆ ಬರೋಣ.

‘ಡ್ರಾಕುಲಾ’ ಬಂದ 1897ರಲ್ಲೇ ಹುಟ್ಟಿದವರು ಬಿ. ಪುಟ್ಟಸ್ವಾಮಯ್ಯ. ಪತ್ರಕರ್ತರಾಗಿ, ಕಂಪನಿ ನಾಟಕಗಳ ಕವಿಯಾಗಿ ಬಾಳಿದವರು. ಗುಬ್ಬಿ ವೀರಣ್ಣನವರ ಕಂಪನಿ ಆನೆ, ಕುದುರೆಗಳನ್ನೇ ತಂದು ಆಡಿಸಿದ ‘ಕುರುಕ್ಷೇತ್ರ’ ಅವರು ಬರೆದದ್ದು. ಬಸವಣ್ಣನವರ ಕಾಲವನ್ನು ಕುರಿತು ಅವರು ಸರಣಿಯಾಗಿ ಆರು ಕಾದಂಬರಿ ಬರೆದರು. ಅವುಗಳಲ್ಲಿ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂದು ಅವರನ್ನು ನೆನೆಯುವವರು ತೀರ ಕಡಿಮೆಯಾಗಿದ್ದಾರೆ. ಇದು ನನಗೆ ನಿಜವಾಗಿ ಸಂಕಟದ ಸಂಗತಿ.

ಕಂಪನಿ ಕವಿ ಎಂದರೆ ಮನೆಯಲ್ಲಿ ಕೂತು ಬರೆದು ಕಳಿಸುವವರಲ್ಲ. ಯಾವ ನಟನಿಗೆ ಯಾವ ಶ್ರುತಿ ಏರುತ್ತದೆ, ಯಾರ ನಾಲಗೆ ಉದ್ದ ಮಾತಿಗೆ ಹೊರಳುತ್ತದೆ, ಯಾವ ಪರದೆಯ ಹಿಂದೆ ಯಾವ ಸೀನು ಕಟ್ಟಲು ಎಷ್ಟು ಹೊತ್ತು ಬೇಕು, ಇದೆಲ್ಲ ತಿಳಿದೇ ಬರೆಯಬೇಕು. ಹಳೆಯ ಕಂಪನಿ ನಾಟಕ ನೋಡಿದವರಿಗೆ ‘ರಸ್ತೆ ಪರದೆ’ ಗೊತ್ತಿರುತ್ತದೆ. ದರ್ಬಾರು ಮುಗಿದು ಕಾಡಿನ ದೃಶ್ಯ ಬರಬೇಕು. ಸಿಂಹಾಸನ ತೆಗೆದು ಮರ, ಬಂಡೆ, ಜಲಪಾತ ನಿಲ್ಲಿಸಲು ಸಮಯ ಬೇಕು. ಆಗ ಮುಂಭಾಗದಲ್ಲಿ ರಸ್ತೆಯ ಚಿತ್ರವಿರುವ ಪರದೆ ಇಳಿಯುತ್ತದೆ. ಅದರ ಮುಂದೆ ಇಬ್ಬರು ಹಾಸ್ಯಗಾರರು ಬಂದು ಜನರನ್ನು ನಗಿಸುತ್ತಾರೆ. ಹಿಂದೆ ಸುತ್ತಿಗೆ ಬಡಿಯುವ ಸದ್ದು ಆ ನಗುವಿನಲ್ಲಿ ಮುಚ್ಚಿಹೋಗುತ್ತದೆ. ನಗಿಸಿದವರು ಒಂದು ನಿಮಿಷ ಮೊದಲೇ ಒಳಗೆ ಹೋದರೆ ಕಾಡು ಸಿದ್ಧವಿರುವುದಿಲ್ಲ, ಒಂದು ನಿಮಿಷ ಹೆಚ್ಚು ನಿಂತರೆ ಸಭೆ ಶಿಳ್ಳೆ ಹಾಕುತ್ತದೆ. ಕವಿ ಆ ಅಳತೆಗೆ ಬರೆದು ಕೊಡಬೇಕು.

ಕಾದಂಬರಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ತರಬೇತಿ ನನಗೆ ಕಾಣುವುದಿಲ್ಲ. ನೂರಾರು ಪುಟದ ಕಾದಂಬರಿಯಲ್ಲೂ ದೊಡ್ಡ ಘಟನೆಯೊಂದನ್ನು ಕಟ್ಟುವ ಮೊದಲು ಓದುಗರನ್ನು ಹಿಡಿದಿಡುವ ಸಣ್ಣ ಅಧ್ಯಾಯ ಬೇಕಾಗುತ್ತದೆ. ಅದು ತಾನೇ ಸ್ವಾರಸ್ಯವಾಗಿರಬೇಕು, ಹಿಂದಿನ ತಯಾರಿಯನ್ನು ಮರೆಸಬೇಕು, ಸರಿಯಾದ ಹೊತ್ತಿಗೆ ಪಕ್ಕಕ್ಕೆ ಸರಿಯಬೇಕು. ಬಿಜ್ಜಳನ ಆಸ್ಥಾನ, ಬೀದಿಯ ಜನ, ಶರಣರ ಮಹಾಮನೆ ಎಂದು ಇಷ್ಟೊಂದು ಕಡೆ ಓಡಾಡುವ ಆರು ಕಾದಂಬರಿಗಳ ಸರಣಿಯನ್ನು ಪುಟ್ಟಸ್ವಾಮಯ್ಯನವರು ಬಿಡದೆ ನಡೆಸಿದ್ದರಲ್ಲಿ ಆ ರಸ್ತೆ ಪರದೆಯ ಪಾಠದ ಪಾಲು ಇದೆ ಎಂದೇ ನಾನು ನಂಬುತ್ತೇನೆ.

ಇನ್ನೊಂದು ದಾರಿಯೂ ಉಂಟು. ರಂಗದವರು ಹೇಳುವುದು, ಕಥೆಗಾರರು ಕೂತು ಕೇಳಿ ಬರೆಯುವುದು. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದವರು. ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು, 2002ರಲ್ಲಿ ತೀರಿಕೊಂಡರು. ಅವರ ಆತ್ಮಕಥೆ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ಯನ್ನು ಅವರ ಬಾಯಿಂದ ಕೇಳಿ ನಿರೂಪಿಸಿದವರು ಕಥೆಗಾರ್ತಿ ವೈದೇಹಿ. ಮಾತನಾಡುವವರ ದನಿಯನ್ನು ಕೆಡಿಸದೆ ಕಾಗದಕ್ಕೆ ಇಳಿಸುವುದು ಎಷ್ಟು ಕಷ್ಟ ಎಂದು ಆ ಪುಸ್ತಕ ಓದಿದವರಿಗೆ ತಿಳಿಯುತ್ತದೆ. ವೈದೇಹಿ ಆ ಕೆಲಸಕ್ಕೆ ಕೂರದೇ ಹೋಗಿದ್ದರೆ ಕನ್ನಡದ ಒಂದು ದೊಡ್ಡ ರಂಗಜೀವನ ಬಾಯಿಮಾತಾಗಿಯೇ ಮುಗಿಯುತ್ತಿತ್ತು.

ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಗೆ ಬಂದರೆ ಇಲ್ಲಿಯ ಸಂಪತ್ತು ಇನ್ನೂ ವಿಚಿತ್ರವಾದದ್ದು. ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಜನರ ನಾಲಗೆ ಮಾತ್ರ ಜಿಲ್ಲೆಯ ಗೆರೆಯನ್ನಾಗಲಿ ರಾಜ್ಯದ ಗೆರೆಯನ್ನಾಗಲಿ ಕೇಳಿ ಆಡಿದ್ದಲ್ಲ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಆಡುತ್ತಾರೆ. ದ್ರೌಪದಿ ಅಮ್ಮನ ಗುಡಿ ಇರುವ ಊರುಗಳಲ್ಲಿ ಮಹಾಭಾರತದ ಹಬ್ಬ ನಡೆಯುತ್ತದೆ. ಹಗಲು ಭಾರತದ ಕಥೆ ಓದಿ ಹೇಳುತ್ತಾರೆ, ರಾತ್ರಿ ಬೆಳಗಿನವರೆಗೆ ತಮಿಳು ಬಯಲಾಟವಾದ ತೆರುಕ್ಕೂತ್ತು ಆಡುತ್ತಾರೆ. ಕೊನೆಯ ದಿನ ಮಣ್ಣಿನಲ್ಲಿ ನೆಲದುದ್ದ ದುರ್ಯೋಧನನ ಆಕಾರ ಮಾಡಿ, ಅದರ ಮೇಲೆ ಅವನ ಅಂತ್ಯವನ್ನು ಆಡಿ, ಆಮೇಲೆ ಕೆಂಡ ಹಾಯುತ್ತಾರೆ. ಪಕ್ಕದೂರಿನಲ್ಲಿ ಅದೇ ಕಥೆ ಕನ್ನಡದಲ್ಲಿ, ಕಂಪನಿ ನಾಟಕದ ಮಟ್ಟುಗಳಲ್ಲಿ, ಸೀನರಿಯ ನಡುವೆ ‘ಕುರುಕ್ಷೇತ್ರ’ವಾಗುತ್ತದೆ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಮಹಾಭಾರತವನ್ನು ತಮಿಳಿನಲ್ಲಿ ಎಲ್ಲರೂ ಓದುವ ಕಥೆಯಾಗಿ ಬರೆದರು. ಭಾರತವನ್ನು ಮನೆಯ ಕಥೆಯಂತೆ ಆಡುವ ನೆಲದಲ್ಲಿ ಹುಟ್ಟಿದವರಿಗೆ ಅದು ಸಹಜವೇ ಆಗಿರಬೇಕು.

ಕೂತ್ತಿನಲ್ಲಿ ಕಟ್ಟಿದ ಪರದೆ ಇರುವುದಿಲ್ಲ. ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿದು ನಿಲ್ಲುತ್ತಾರೆ. ವೇಷ ಅದರ ಹಿಂದೆ ಹಾಡುತ್ತ ಕುಣಿಯುತ್ತದೆ. ಮೊದಲು ಗೆಜ್ಜೆ ಕೇಳುತ್ತದೆ, ಆಮೇಲೆ ಕಿರೀಟದ ತುದಿ ಕಾಣುತ್ತದೆ, ತುಂಬ ಹೊತ್ತಿನ ಮೇಲೆ ಮುಖ. ಮುಖ್ಯ ಪಾತ್ರವನ್ನು ತಡೆದು ನಿಲ್ಲಿಸುವ ಈ ಜಾಣತನ, ಸ್ಟೋಕರ್ ತಮ್ಮ ಕಾದಂಬರಿಯಲ್ಲಿ ಮಾಡಿದ್ದೇ. ಬಟ್ಟೆ ಹಿಡಿದ ಆ ಇಬ್ಬರಿಗೆ ಅದು ಯಾವ ಗಳಿಗೆಯಲ್ಲಿ ಸರಿಯಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಮದ್ದಳೆಯ ಪೆಟ್ಟಿನಲ್ಲೇ ಅವರು ಅದನ್ನು ಹಿಡಿಯುತ್ತಾರೆ.

ಕನ್ನಡ ನಾಟಕದ ಪ್ರಾಂಪ್ಟರ್‌ಗಳ, ಅಂದರೆ ಸೈಡ್‌ವಿಂಗ್‌ನಿಂದ ಮಾತು ಹೇಳಿಕೊಡುವವರ, ಕೈಯಲ್ಲಿರುವ ನೋಟುಬುಕ್ಕುಗಳನ್ನು ಯಾರಾದರೂ ಕೂಡಲೇ ಜೋಪಾನ ಮಾಡಬೇಕು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ಗಡಿಯ ಕನ್ನಡ ಮಕ್ಕಳ ಶಾಲೆಯ ದಾರಿ ಬದಲಾಗಿದೆ. ಮನೆಯಲ್ಲಿ ಕನ್ನಡ ಆಡುವ ಹುಡುಗರಿಗೆ ಬರೆಯಲು ಸಲೀಸಾಗಿ ಬರುವುದು ತಮಿಳು ಅಕ್ಷರ. ಹಾಗಾಗಿ ಅರ್ಜುನನ ಪಾತ್ರದ ಹುಡುಗ ತನ್ನ ಕನ್ನಡ ಮಾತುಗಳನ್ನೆಲ್ಲ ತಮಿಳು ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾನೆ. ತಮಿಳಿನಲ್ಲಿ ತ, ಥ, ದ, ಧ ನಾಲ್ಕಕ್ಕೂ ಅಕ್ಷರ ಒಂದೇ. ‘ಧರ್ಮ’ ಎಲ್ಲಿ ಒತ್ತಬೇಕು, ‘ರಥ’ ಹೇಗೆ ನುಡಿಯಬೇಕು ಎಂದು ಪುಸ್ತಕ ಹೇಳುವುದಿಲ್ಲ. ಸೈಡ್‌ವಿಂಗ್‌ನಲ್ಲಿ ಟಾರ್ಚ್ ಹಿಡಿದು ನಿಂತ ಹಿರಿಯರು ಹೇಳುತ್ತಾರೆ. ನಾಟಕಕ್ಕೆ ತಿಂಗಳುಗಟ್ಟಲೆ ಮೊದಲು ಊರ ಗುಡಿಯ ಅಂಗಳದಲ್ಲಿ ಅಭ್ಯಾಸ ನಡೆಯುವಾಗ ಆ ಹುಡುಗರು ಕನ್ನಡವನ್ನು ಕಿವಿಯಿಂದ ಕಲಿಯುತ್ತಾರೆ. ಹಗಲು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದವರು ಅವರು. ಕೆಲವರಿಗೆ ರಾತ್ರಿ ಪಾಳಿ ಬಿದ್ದರೆ ಅಭ್ಯಾಸವೇ ಮಧ್ಯಾಹ್ನಕ್ಕೆ ಬದಲಾಗುತ್ತದೆ.

ಈ ಬದುಕಿನ ಮೇಲೆ ಒಂದು ದೊಡ್ಡ ಕನ್ನಡ ಕಾದಂಬರಿ ಬರಬೇಕು. ಅದನ್ನು ಬೆಂಗಳೂರಿನಲ್ಲಿ ಕೂತು ಊಹಿಸಿ ಬರೆಯುವುದು ಆಗದ ಕೆಲಸ. ಗದೆಯೊಳಗೆ ಏನು ತುಂಬುತ್ತಾರೆ, ಕಿರೀಟ ಹಣೆಗೆ ಒತ್ತಿ ಗಾಯವಾಗದಂತೆ ಒಳಗೆ ಯಾವ ಬಟ್ಟೆ ಇಡುತ್ತಾರೆ, ಬೆಳಗಿನ ಜಾವ ಬಣ್ಣ ಒರೆಸಲು ಯಾವ ಎಣ್ಣೆ ಬಳಸುತ್ತಾರೆ, ವೇಷ ಕಳಚಿದ ಮೇಲೆ ದುರ್ಯೋಧನ ಯಾರ ಸ್ಕೂಟರ್ ಹತ್ತಿ ಮನೆಗೆ ಹೋಗುತ್ತಾನೆ ಎಂಬುದನ್ನೆಲ್ಲ ಅಲ್ಲಿದ್ದವರೇ ಬರೆಯಬೇಕು. ಇಂಥ ಸಣ್ಣ ನಿಜಗಳು ಸಿಕ್ಕರೆ ದೊಡ್ಡ ಕಥೆ ತಾನಾಗಿ ನಿಲ್ಲುತ್ತದೆ. ಅವು ಇಲ್ಲದಿದ್ದರೆ ಎಷ್ಟು ಒಳ್ಳೆಯ ಭಾಷೆಯಿದ್ದರೂ ಪುಟ ಬರಿದಾಗಿಯೇ ಕಾಣುತ್ತದೆ.

ರಂಗದ ಹಿಂದಿನ ಕೆಲಸ ಕಥೆಗಾರರಿಗೆ ಕಲಿಸುವ ಇನ್ನೊಂದು ಗುಣವನ್ನೂ ಹೇಳದೆ ಇರಲಾರೆ. ಅಲ್ಲಿ ದುಡಿದವರಿಗೆ ತಮ್ಮನ್ನು ತಾವು ಕಾಣಿಸಿಕೊಳ್ಳುವ ಚಪಲ ಇರುವುದಿಲ್ಲ. ನಟ ಮಾತು ಮರೆತಾಗ ಪ್ರಾಂಪ್ಟರ್ ಅವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಒಂದು ಪದ ಕೊಡುತ್ತಾರೆ, ಪೂರ್ತಿ ಮಾತನ್ನಲ್ಲ. ಆ ಒಂದು ಪದ ಸಿಕ್ಕರೆ ಉಳಿದದ್ದನ್ನು ಅವನೇ ಎತ್ತಿಕೊಳ್ಳುತ್ತಾನೆ. ಕೈಚಪ್ಪಾಳೆ ಅವನಿಗೆ ಹೋಗುತ್ತದೆ, ಪ್ರಾಂಪ್ಟರ್ ಮುಂದಿನ ಪುಟ ತಿರುವುತ್ತಾರೆ. ಕಥೆ ಬರೆಯುವವರು ಪಾತ್ರದ ಬಾಯಿಗೆ ತಮ್ಮ ಭಾಷಣವನ್ನೆಲ್ಲ ತುರುಕದೆ, ಬೇಕಾದ ಒಂದು ಪದ ಕೊಟ್ಟು ಹಿಂದೆ ಸರಿದರೆ ನಮ್ಮ ಎಷ್ಟೋ ಕಾದಂಬರಿಗಳು ಉದ್ಧಾರವಾಗುತ್ತವೆ.

ಆದ್ದರಿಂದ ಓದುಗರಲ್ಲಿ, ಮುಖ್ಯವಾಗಿ ಹೊಸೂರು, ಡೆಂಕಣಿಕೋಟೆ, ಆನೇಕಲ್, ಮಾಲೂರು ಕಡೆಯ ಕಿರಿಯರಲ್ಲಿ ನನ್ನದೊಂದು ವಿನಂತಿ. ಈ ಸಲ ನಿಮ್ಮೂರಲ್ಲಿ ನಾಟಕವಾದರೆ ಮೇಷ್ಟ್ರ ಅನುಮತಿ ಕೇಳಿ ಹಿಂದಕ್ಕೆ ಹೋಗಿ. ಸುಮ್ಮನೆ ನೋಡುತ್ತ ನಿಲ್ಲಬೇಡಿ, ಪೆಟ್ಟಿಗೆ ಎತ್ತಿ, ಹಗ್ಗ ಹಿಡಿಯಿರಿ, ಕಿರೀಟಕ್ಕೆ ಕಿತ್ತುಹೋದ ಕನ್ನಡಿಚೂರು ಅಂಟಿಸಿ. ಕೆಲಸ ಮಾಡುವವರ ಮುಂದೆ ಜನ ಮನಬಿಚ್ಚಿ ಮಾತಾಡುತ್ತಾರೆ. ಹಳೆಯ ಪ್ರಾಂಪ್ಟರ್ ಒಬ್ಬರಿದ್ದರೆ ಅವರ ನೋಟುಬುಕ್ಕನ್ನು ಪುಟ ಪುಟವೂ ಫೋಟೊ ತೆಗೆದಿಡಿ, ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅವರ ಹೆಸರು ಬರೆದಿಡಿ. ಗಡಿಯ ಕನ್ನಡಕ್ಕೆಂದು ಇರುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ನಾಟಕ ಅಕಾಡೆಮಿ, ಬೆಂಗಳೂರಿನ ಪ್ರಕಾಶಕರು ಇಂಥ ಬರಹಕ್ಕೆ ನೆರವಾಗಲಿ. ಹೊಸೂರಿಗೂ ಬೆಂಗಳೂರಿಗೂ ನಡುವೆ ಇರುವುದು ಸುಮಾರು ನಲವತ್ತು ಕಿಲೊಮೀಟರ್ ಅಷ್ಟೇ, ದೂರದ ನೆಪ ಬೇಡ. ಮತ್ತೆ, ಮುಂದಿನ ಪೋಸ್ಟರ್ ಅಚ್ಚು ಮಾಡಿಸುವ ಕಲಾ ಸಂಘದವರೇ, ದುರ್ಯೋಧನನ ಫೋಟೊ ಒಂದಿಷ್ಟು ಚಿಕ್ಕದು ಮಾಡಿ, ಪರದೆ ಎಳೆಯುವವರ ಹೆಸರಿಗೂ ಒಂದು ಸಾಲು ಜಾಗ ಕೊಡಿ.